ಫೀ ರಸೀದಿಯ ಹಿಂಬದಿ

(ತಿಪಟೂರು ತಾಲ್ಲೂಕಿನ ನಮ್ಮ ಊರಿನ ಸಮುದಾಯ ಭವನದಲ್ಲಿ ಮೇ ತಿಂಗಳ ಒಂದು ಸಂಜೆ ಆಡಿದ ಮಾತು. ಊರಿನ ಹುಡುಗರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನು ಕೇಳಿಕೊಂಡು ನಾನೇ ಬರೆದಿದ್ದೇನೆ. ಕರೆಂಟ್ ಹೋಗಿ ಕತ್ತಲಲ್ಲಿ ಕೂತಿದ್ದ ಹತ್ತು ನಿಮಿಷ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮೇಷ್ಟ್ರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ 2008ರಿಂದ 2024ರವರೆಗೆ ಫೀ ಕೌಂಟರಿನ ಹಿಂದೆ ಕೂತಿದ್ದವನು. ನಿಮ್ಮಲ್ಲಿ ಎಷ್ಟೋ ಜನರ ಕೈಯಿಂದ ದುಡ್ಡು ಎಣಿಸಿಕೊಂಡಿದ್ದೇನೆ. ನನ್ನ ಹೆಂಡತಿ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು. ಅಂದರೆ ಒಂದೇ ಮನೆಯಲ್ಲಿ ಎರಡೂ ಪಾರ್ಟಿ. ರಾತ್ರಿ ಊಟಕ್ಕೆ ಕೂತಾಗ ನಮ್ಮಲ್ಲಿ ಆಗಿರುವ ಜಗಳವನ್ನೇ ಇವತ್ತು ನಿಮಗೆ ಹೇಳೋಣ ಅಂತ ಬಂದಿದ್ದೇನೆ.

ಇವತ್ತಿನ ಪ್ರಶ್ನೆ ಸೀದಾ ಇದೆ. ಖಾಸಗಿ ಶಾಲೆಗೆ ಸುರಿಯುವ ದುಡ್ಡು ದಂಡವೋ, ಅಲ್ಲವೋ?

ಜೂನ್ ಮೊದಲ ವಾರ ನನ್ನ ಕೌಂಟರ್ ಮುಂದೆ ಹೇಗಿರುತ್ತಿತ್ತು ಅಂತ ಹೇಳುತ್ತೇನೆ, ಕೇಳಿ. ಕೆಲವರು ಕೊಬ್ಬರಿ ಮಾರಿದ ದುಡ್ಡನ್ನು ಮಂಡಿಯಿಂದ ನೇರ ತರುತ್ತಿದ್ದರು. ನೋಟಿಗೂ ಕೊಬ್ಬರಿ ವಾಸನೆ. ಕೆಲವರದು ಸಂಘದ ಸಾಲ, ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿರುತ್ತಿರಲಿಲ್ಲ. ಒಂದು ವರ್ಷ ಒಬ್ಬ ತಾಯಿ ಬಂದರು. ಕತ್ತಿನಲ್ಲಿ ಸರ ಇಲ್ಲ, ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡಿದ್ದರು. ನಾನು ಏನೂ ಕೇಳಿರಲಿಲ್ಲ. ಅವರೇ, "ಸರ ಪಾಲಿಶ್‌ಗೆ ಕೊಟ್ಟಿದೀನಿ ಸಾರ್" ಅಂದರು. ನಾನು ರಸೀದಿ ಹರಿದುಕೊಟ್ಟೆ. ಮುಂದಿನ ಕಂತಿಗೆ ಬಂದಾಗಲೂ ಅದೇ ಅರಿಶಿನದ ಕೊಂಬು ಇತ್ತು.

2023ರಲ್ಲಿ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಎಂಟೊಂಬತ್ತು ಸಾವಿರಕ್ಕೆ ಬಿದ್ದಿತ್ತು, ನೆನಪಿದೆ ಅಲ್ವಾ? ಆ ವರ್ಷವೂ ನಮ್ಮ ಶಾಲೆ ಫೀ ಜಾಸ್ತಿ ಮಾಡಿತು. ಕೊಬ್ಬರಿ ಇಳಿಯುತ್ತೆ, ಫೀ ಇಳಿದಿದ್ದನ್ನು ನಾನು ನೋಡಿಲ್ಲ.

ಈಗ ಲೆಕ್ಕಕ್ಕೆ ಬರೋಣ. ದೊಡ್ಡ ಊರಿನ ಲಕ್ಷಗಟ್ಟಲೆ ಫೀ ಬೇಡ, ನಮ್ಮ ಕಡೆಯ ಒಂದು ಮಧ್ಯಮ ಶಾಲೆ ಇಟ್ಟುಕೊಳ್ಳಿ. ಎಲ್‌ಕೆಜಿಗೆ ಪಾಠದ ಫೀ 21,000. ವ್ಯಾನಿಗೆ 7,000. ಪುಸ್ತಕ, ನೋಟ್ಸು 3,500. ಯೂನಿಫಾರ್ಮ್, ಶೂ, ಟೈ, ಬೆಲ್ಟ್ 2,500. 'ಇತರೆ' ಅಂತ 1,000. ಈ 'ಇತರೆ' ಅಂದ್ರೆ ಏನು ಅಂತ ಹದಿನಾರು ವರ್ಷ ಜನ ನನ್ನನ್ನು ಕೇಳಿದರು. ನನಗೂ ಗೊತ್ತಾಗಲಿಲ್ಲ. ಒಟ್ಟು 35,000. ವರ್ಷಕ್ಕೆ ನೂರಕ್ಕೆ ಎಂಟರಂತೆ ಏರಿದರೂ ಮಗು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ಒಂದೇ ವರ್ಷಕ್ಕೆ 81 ಸಾವಿರ ದಾಟುತ್ತೆ. ಹನ್ನೆರಡು ವರ್ಷದ್ದು ಸೇರಿಸಿದರೆ 6 ಲಕ್ಷ 64 ಸಾವಿರ. ಇಬ್ಬರು ಮಕ್ಕಳಿದ್ದರೆ ನೀವೇ ಗುಣಿಸಿಕೊಳ್ಳಿ. ಇದರಲ್ಲಿ ಸಂಜೆ ಟ್ಯೂಷನ್ ಸೇರಿಲ್ಲ. ಅಷ್ಟು ಫೀ ಕಟ್ಟಿದ ಮೇಲೂ ಟ್ಯೂಷನ್ ಯಾಕೆ ಬೇಕು ಅಂತ ಮಾತ್ರ ಯಾರೂ ಕೌಂಟರಿನಲ್ಲಿ ಕೇಳಲಿಲ್ಲ.

ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಬಟ್ಟೆ, ಶೂ, ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಸಿಗುತ್ತೆ. ಅದು ನಿಮಗೆ ಗೊತ್ತಿರುವುದೇ. ಮೊಟ್ಟೆ ಕೊಡ್ತಾರೆ ಅಂತ ಯಾರೂ ಶಾಲೆ ಬದಲಿಸಲ್ಲ. ಆದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

"ಖಾಸಗಿಯಲ್ಲಿ ರಿಸಲ್ಟ್ ಚೆನ್ನಾಗಿ ಬರುತ್ತಲ್ಲ" ಅಂತೀರಿ. ಬರುತ್ತೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಸರ್ಕಾರಿ ಶಾಲೆಗಳಲ್ಲಿ ನೂರಕ್ಕೆ 72 ಮಕ್ಕಳು ಪಾಸಾದರು, ಅನುದಾನ ಇಲ್ಲದ ಖಾಸಗಿ ಶಾಲೆಗಳಲ್ಲಿ 86. ಹದಿನಾಲ್ಕರ ವ್ಯತ್ಯಾಸ. ಅದೇ ವರ್ಷ, ಅದೇ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ನೂರಕ್ಕೆ 94, ಯಾದಗಿರಿ ಜಿಲ್ಲೆ ಸುಮಾರು 51. ಅದು ನಲವತ್ಮೂರರ ವ್ಯತ್ಯಾಸ! ಎರಡೂ ಜಿಲ್ಲೆಯಲ್ಲಿ ಎರಡೂ ತರದ ಶಾಲೆಗಳಿವೆ. ಹಂಗಾದ್ರೆ ಮಗು ಎಲ್ಲಿ ಹುಟ್ಟಿತು, ಮನೆಯಲ್ಲಿ ಯಾರು ಓದಿದ್ದಾರೆ, ಅಪ್ಪ ಅಮ್ಮ ದುಡಿಯೋಕೆ ಬೇರೆ ಊರಿಗೆ ಹೋಗಿದ್ದಾರಾ, ಊರಿನ ಶಾಲೆಯಲ್ಲಿ ಮೇಷ್ಟ್ರು ಇದ್ದಾರಾ ಅನ್ನುವುದರ ಮುಂದೆ ಶಾಲೆಯ ಗೇಟಿನ ಬೋರ್ಡಿನ ತೂಕ ಕಡಿಮೆ ಅಂತ ಆಯ್ತಲ್ಲ.

ಆ 86ರ ಹಿಂದೆ ಇನ್ನೊಂದು ವಿಷಯ ಇದೆ. ಇದು ನಾನು ಕೆಲಸ ಮಾಡಿದ ಶಾಲೆಯ ಮಾತು ಮಾತ್ರ, ಎಲ್ಲ ಕಡೆ ಹೀಗೇ ಅಂತ ಅಲ್ಲ. ಒಂಬತ್ತನೇ ಕ್ಲಾಸು ಮುಗಿದ ಮೇಲೆ ಒಂದಿಷ್ಟು ಮಕ್ಕಳ ಅಪ್ಪಂದಿರನ್ನು ಕರೆಸುತ್ತಿದ್ದರು. "ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ ಆಗ್ತಿದೆ, ಬೇರೆ ಕಡೆ ನೋಡಿ" ಅಂತ ನಯವಾಗಿ ಹೇಳುತ್ತಿದ್ದರು. ಟಿಸಿ ಬರೆಯುತ್ತಿದ್ದವನು ನಾನು. ಕಾರಣದ ಕಾಲಂನಲ್ಲಿ 'ಪೋಷಕರ ಇಚ್ಛೆಯ ಮೇರೆಗೆ' ಅಂತ ಬರೆಯಬೇಕಿತ್ತು. ಆ ಹುಡುಗರು ಎಲ್ಲಿ ಹೋದರು? ಸರ್ಕಾರಿ ಹೈಸ್ಕೂಲಿಗೆ. ಫೇಲಾದರೆ ಯಾರ ಲೆಕ್ಕಕ್ಕೆ ಹೋಯಿತು ಅಂತ ಬಿಡಿಸಿ ಹೇಳಬೇಕಾ?

ಹಂಗಾದ್ರೆ ಒಂದೇ ತರದ ಮಕ್ಕಳನ್ನು ಎರಡೂ ಕಡೆ ಹಾಕಿ ನೋಡಿದವರು ಯಾರಾದರೂ ಇದ್ದಾರಾ? ಇದ್ದಾರೆ. ಪಕ್ಕದ ಆಂಧ್ರದಲ್ಲಿ, ರಾಜ್ಯ ಇನ್ನೂ ಒಡೆಯುವ ಮುಂಚೆ, ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಕೆಲಸ. 2008ರಲ್ಲಿ ಶುರು, 180 ಹಳ್ಳಿ. ಸರ್ಕಾರಿ ಶಾಲೆಯ ಮಕ್ಕಳಿಂದ ಅರ್ಜಿ ತೆಗೆದುಕೊಂಡು ಲಾಟರಿ ಎತ್ತಿದರು. ಹೆಸರು ಬಂದವರಿಗೆ ಊರಿನ ಖಾಸಗಿ ಶಾಲೆ ಪುಕ್ಕಟೆ. ಬರದವರು ಇದ್ದಲ್ಲೇ ಉಳಿದರು. ಲಾಟರಿ ಆದ್ದರಿಂದ ಬುದ್ಧಿವಂತರು ಒಂದು ಕಡೆ, ಉಳಿದವರು ಒಂದು ಕಡೆ ಅನ್ನುವ ಮಾತಿಲ್ಲ. ನಾಲ್ಕು ವರ್ಷ ಆದಮೇಲೆ ಪರೀಕ್ಷೆ ಇಟ್ಟರು. ತೆಲುಗಿನಲ್ಲಿ, ಗಣಿತದಲ್ಲಿ ಎರಡೂ ಗುಂಪು ಸಮಸಮ. ಖಾಸಗಿಗೆ ಹೋದವರು ಹಿಂದಿಯಲ್ಲಿ ಮುಂದಿದ್ದರು, ಯಾಕಂದ್ರೆ ಸರ್ಕಾರಿ ಶಾಲೆಯಲ್ಲಿ ಆ ವಯಸ್ಸಿಗೆ ಹಿಂದಿಯನ್ನು ಹೆಚ್ಚುಕಡಿಮೆ ಕಲಿಸುತ್ತಲೇ ಇರಲಿಲ್ಲ.

ಇದನ್ನು ಹೇಳಿದಾಗ ನನ್ನ ಹೆಂಡತಿ ಗೆದ್ದಂಗೆ ನಕ್ಕಳು. ಆದರೆ ಆ ವರದಿಯಲ್ಲಿ ನನ್ನ ಪಾರ್ಟಿಗೂ ಒಂದು ಸಾಲಿದೆ. ಖಾಸಗಿ ಶಾಲೆಗಳು ತೆಲುಗಿಗೂ ಗಣಿತಕ್ಕೂ ಕಡಿಮೆ ಹೊತ್ತು ಕೊಟ್ಟು ಅಷ್ಟೇ ಕಲಿಸಿದ್ದವು, ಉಳಿದ ಹೊತ್ತಿನಲ್ಲಿ ಬೇರೆ ವಿಷಯ ಮಾಡಿದ್ದವು. ಅದೂ ಸರ್ಕಾರ ಒಂದು ಮಗುವಿಗೆ ಖರ್ಚು ಮಾಡುವುದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ದುಡ್ಡಲ್ಲಿ. ಹೆಂಗೆ ಸಾಧ್ಯ ಅಂತೀರಾ? ಟೀಚರ್ ಸಂಬಳದಲ್ಲಿ. ನಮ್ಮ ಶಾಲೆಯಲ್ಲಿ ಎಂಎಸ್ಸಿ ಬಿಎಡ್ ಮಾಡಿದ ಹೆಣ್ಣುಮಕ್ಕಳು ತಿಂಗಳಿಗೆ ಹನ್ನೆರಡು ಸಾವಿರಕ್ಕೆ ಸಹಿ ಹಾಕುತ್ತಿದ್ದರು. ಮದುವೆ ಆದರೆ ಬಿಡುತ್ತಿದ್ದರು, ಸರ್ಕಾರಿ ಕೆಲಸ ಸಿಕ್ಕರೆ ಇನ್ನೂ ಬೇಗ ಬಿಡುತ್ತಿದ್ದರು. ನನ್ನ ಮಗನಿಗೆ ಒಂದೇ ವರ್ಷ ಮೂರು ಜನ ಗಣಿತದ ಮಿಸ್ಸು ಬದಲಾದರು.

ಇನ್ನು ಸರ್ಕಾರಿ ಶಾಲೆಯ ಹುಳುಕು. ಮೇಷ್ಟ್ರಿಗೆ ಕಲಿಸೋಕೆ ಬರಲ್ಲ ಅನ್ನೋದು ಸುಳ್ಳು. ಟೀಚರ್ ತರಬೇತಿ, ನೇಮಕಾತಿ ಎಲ್ಲ ದಾಟಿ ಬಂದವರು ಅವರು. ಹುಳುಕು ಇರುವುದು ಅವರನ್ನು ಕ್ಲಾಸಿನಲ್ಲಿ ಕೂರೋಕೆ ಬಿಡದೆ ಇರುವುದರಲ್ಲಿ. ಗಣತಿ, ವೋಟರ್ ಲಿಸ್ಟು, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮಕ್ಕಳ ವಿವರ ತುಂಬುವ ಆನ್‌ಲೈನ್ ಸ್ಯಾಟ್ಸ್‌ಗೆ ಎಂಟ್ರಿ. 2025ರ ದಸರಾ ನೋಡಿ. ಟೀಚರುಗಳು ಮನೆಮನೆಗೆ ಹೋಗಿ ಮಾಡುತ್ತಿದ್ದ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳಿಗೆ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ನನ್ನ ಹೆಂಡತಿ ಆಪ್ ತೆರೆದುಕೊಳ್ಳಲಿ ಅಂತ ಯಾರದೋ ಜಗಲಿ ಮೇಲೆ ಮೊಬೈಲ್ ಎತ್ತಿ ಹಿಡಿದು ನಿಂತಿದ್ದಳು. ಆ ಹೊತ್ತಿಗೆ ಪಟ್ಟಣದ ಖಾಸಗಿ ಶಾಲೆಯಲ್ಲಿ ಪಾಠ ನಡೀತಿತ್ತು. ಇದಕ್ಕೆ ನನ್ನ ಹತ್ತಿರವಾಗಲಿ ಅವಳ ಹತ್ತಿರವಾಗಲಿ ಉತ್ತರ ಇಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಟೀಚರು. ಕೇಳೋಕೆ ಚೆನ್ನಾಗಿದೆ, 30 ಮಕ್ಕಳಿಗೊಬ್ಬರು. ಆದರೆ ಕ್ಲಾಸು ಐದು! ಒಂದರಿಂದ ಮೂರನ್ನು ನಲಿಕಲಿ ಅಂತ ಒಟ್ಟಿಗೆ ಕೂರಿಸುತ್ತಾರೆ, ಅದು ಮೊದಲಿಂದ ಹಾಗೇ ಮಾಡಿದ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ನನ್ನ ಹೆಂಡತಿಯ ಕೊಠಡಿಗೆ ಒಮ್ಮೆ ಹೋಗಿ ನೋಡಿದೆ. ಗೋಡೆಯ ತಳದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ, ಒಬ್ಬೊಬ್ಬರಿಗೆ ಒಂದೊಂದು ಪಾಲು. ತಲೆ ಮೇಲೆ ದಾರ ಕಟ್ಟಿ ಚಿತ್ರಗಳನ್ನು ನೇತುಹಾಕಿದ ಚಪ್ಪರ. ಒಂದು ಹುಡುಗಿ ತಾನೇ ಎದ್ದು ಹೋಗಿ, ಗೋಡೆ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿ, ತನ್ನ ಕಾರ್ಡು ಹುಡುಕಿಕೊಂಡು ಬಂದು ಕೂತಳು. ಟೀಚರ್ ಕಡೆ ತಿರುಗಿಯೂ ನೋಡಲಿಲ್ಲ. ಎಲ್‌ಕೆಜಿ ಮಕ್ಕಳು ಕೈಕಟ್ಟಿ ಬಾಯಿ ಮೇಲೆ ಬೆರಳಿಟ್ಟು ಕೂರುವುದನ್ನೇ ನೋಡಿದ್ದ ನನಗೆ ಅದು ಶಾಲೆ ಅಂತಲೇ ಅನ್ನಿಸಲಿಲ್ಲ. ಆದರೆ ನಾಲ್ಕು, ಐದನೇ ಕ್ಲಾಸಿಗೆ ಉಳಿದದ್ದು ಒಬ್ಬರೇ ಟೀಚರು. ಅವರು ತರಬೇತಿಗೆ ಹೋದ ದಿನ ಐದೂ ಕ್ಲಾಸು ಒಂದೇ ಕೋಣೆಗೆ.

ಈ ಚಕ್ರ ಹೆಂಗೆ ತಿರುಗುತ್ತೆ ನೋಡಿ. ನಾಲ್ಕು ಮನೆಯವರು ಮಕ್ಕಳನ್ನು ವ್ಯಾನ್ ಹತ್ತಿಸಿದರು. ಮಕ್ಕಳ ಸಂಖ್ಯೆ ಇಳಿಯಿತು. 'ಹೆಚ್ಚುವರಿ' ಅಂತ ಒಬ್ಬ ಟೀಚರನ್ನು ಬೇರೆ ಕಡೆಗೆ ಹಾಕಿದರು. ಟೀಚರ್ ಇಲ್ಲ ಅಂತ ಇನ್ನೂ ಆರು ಮನೆಯವರು ವ್ಯಾನ್ ಹತ್ತಿಸಿದರು. ವ್ಯಾನ್ ಹತ್ತಿಸಿದವರದು ತಪ್ಪು ಅಂತ ಹೇಳೋ ಧೈರ್ಯ ನನಗಿಲ್ಲ, ನಾನೂ ಹತ್ತಿಸಿದವನೇ.

ಸರಿ, ಎಲ್ಲರ ಮನಸ್ಸಿನಲ್ಲಿರುವ ಇಂಗ್ಲಿಷಿಗೆ ಬರೋಣ. ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ನಮ್ಮ ಸರ್ಕಾರ 1994ರಲ್ಲಿ ಆದೇಶ ಮಾಡಿತ್ತು. ಅದು ಕೋರ್ಟು ಕಚೇರಿ ಅಲೆದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಯಾವ ಮಾಧ್ಯಮ ಅನ್ನುವುದು ಅಪ್ಪ ಅಮ್ಮನ ಆಯ್ಕೆ ಅಂದರು. 2019ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮೀಡಿಯಂ ವಿಭಾಗ ಶುರುವಾಯಿತು. ಹಾಗಾಗಿ ಇಂಗ್ಲಿಷಿಗೋಸ್ಕರವೇ ಖಾಸಗಿ ಅನ್ನುವ ಮಾತು ಮೊದಲಿನಷ್ಟು ಗಟ್ಟಿ ಇಲ್ಲ. ನಮ್ಮ ಶಾಲೆಯ ಇಂಗ್ಲಿಷ್ ಮೀಡಿಯಂ ಹೇಗಿತ್ತು ಅಂದರೆ, ಪುಸ್ತಕ ಇಂಗ್ಲಿಷು, ವಿವರಣೆ ಕನ್ನಡ, ಉತ್ತರ ಬಾಯಿಪಾಠ. ಕಿಟಕಿಯಿಂದ ಕೇಳಿಸುತ್ತಿತ್ತು. "ಫೋಟೋಸಿಂಥೆಸಿಸ್ ಅಂದ್ರೆ ಎಲೆ ಅಡುಗೆ ಮಾಡ್ಕೊಳ್ಳೋದು ಕಣ್ರೋ, ಈಗ ಮೂರನೇ ಉತ್ತರ ಓದ್ಕೊಳಿ."

ನನ್ನ ಮನೆಯ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಸುಮ್ನೆ ಪುಕ್ಕಟೆ ಬುದ್ಧಿ ಹೇಳಿದಂಗೆ ಆಗುತ್ತೆ. ಮಗ ನಮ್ಮ ಶಾಲೆಯಲ್ಲೇ ಓದಿದ, ಸಿಬ್ಬಂದಿ ಮಕ್ಕಳಿಗೆ ಅರ್ಧ ಫೀ ಇತ್ತು. ಮಗಳು ಒಂದರಿಂದ ಹತ್ತರವರೆಗೂ ಇದೇ ಊರಿನಲ್ಲಿ, ಕನ್ನಡ ಮೀಡಿಯಂ. ಅವಳನ್ನು ಯಾಕೆ ಇಲ್ಲಿ ಹಾಕಿದಿರಿ, ಹೆಣ್ಣುಮಗು ಅಂತಲಾ ಅಂತ ಒಬ್ಬರು ನೇರವಾಗಿಯೇ ಕೇಳಿದ್ದರು. ಇಲ್ಲ ಅಂದೆ. ಪೂರ್ತಿ ಇಲ್ಲ ಅಂತ ಈಗ ಹೇಳಲಾರೆ. ಆ ವರ್ಷ ಕೊಳವೆಬಾವಿ ಬತ್ತಿತ್ತು, ಕೈಯಲ್ಲಿ ದುಡ್ಡಿರಲಿಲ್ಲ.

ಮಗಳು ಪಿಯುಸಿ ಸೈನ್ಸಿಗೆ ಹೋದಾಗ ಮೊದಲ ಆರು ತಿಂಗಳು ನರಳಿದಳು. ಅವಳ ಭೌತಶಾಸ್ತ್ರದ ಪುಸ್ತಕ ಇನ್ನೂ ಮನೆಯಲ್ಲಿದೆ. ಸಾಲುಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದುಕೊಂಡಿದ್ದಾಳೆ. ಮಾಸ್ ಮೇಲೆ ದ್ರವ್ಯರಾಶಿ. ಇನರ್ಷಿಯಾ ಮೇಲೆ ಜಡತ್ವ. ಆಕ್ಸಲರೇಷನ್ ಮೇಲೆ ವೇಗೋತ್ಕರ್ಷ. ಒಂದು ಪುಟದ ಅಂಚಿನಲ್ಲಿ 'ಇದು ನಂಗೆ ಗೊತ್ತಿರೋದೇ' ಅಂತ ಬರೆದು ಎರಡು ಗೆರೆ ಎಳೆದಿದ್ದಾಳೆ. ವಿಷಯ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಜನವರಿ ಹೊತ್ತಿಗೆ ಪೆನ್ಸಿಲ್ ಬರಹ ನಿಂತಿದೆ. ಆದರೆ ಆ ಆರು ತಿಂಗಳು ಅವಳು ಅತ್ತಿದ್ದನ್ನು ಯಾವ ಲೆಕ್ಕದಲ್ಲಿ ಬರೆಯಲಿ? ಮಗನಿಗೆ ಆ ಕಷ್ಟ ಇರಲಿಲ್ಲ. ಅವನು ಬೆಂಗಳೂರಿನಲ್ಲಿ ಯಾರ ಮುಂದೆ ಬೇಕಾದರೂ ನಿಂತು ಇಂಗ್ಲಿಷ್ ಮಾತಾಡುತ್ತಾನೆ. ಅದಕ್ಕೆ ಬೆಲೆ ಇದೆ. ನಾನು ಕಟ್ಟಿದ ಫೀಯಲ್ಲಿ ನಿಜವಾಗಿ ಸಿಕ್ಕಿದ್ದು ಅದು, ಮುಚ್ಚುಮರೆ ಯಾಕೆ.

ಆದರೆ ಪಿಯುಸಿ ಆದಮೇಲೆ ಕಾಲೇಜು ಸೀಟಿಗೆ ಬರೆಯುವ ಸಿಇಟಿ ಬಂದಾಗ ತಮಾಷೆ ನೋಡಿ. ಗ್ರಾಮೀಣ ಮೀಸಲಾತಿ ನೂರಕ್ಕೆ 15 ಇದೆ, ಕನ್ನಡ ಮಾಧ್ಯಮಕ್ಕೆ 5 ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಓದಿದ ದಾಖಲೆ ಬೇಕು. ಮಗ ಇದೇ ಊರಿನಲ್ಲಿ ಹುಟ್ಟಿದವನು, ಇದೇ ಮನೆಯಲ್ಲಿ ಬೆಳೆದವನು, ಆದರೆ ವ್ಯಾನ್ ಹತ್ತಿ ಓದಿದ್ದು ನಗರಸಭೆ ವ್ಯಾಪ್ತಿಯಲ್ಲಿ. ಅವನು ಗ್ರಾಮೀಣ ಅಲ್ಲ! ಮಗಳಿಗೆ ಎರಡೂ ಇತ್ತು. ಈಗ ಕೃಷಿ ಬಿಎಸ್ಸಿ ಓದುತ್ತಿದ್ದಾಳೆ. ಹದಿನಾರು ವರ್ಷ ಫೀ ಕೌಂಟರಿನಲ್ಲಿ ಕೂತವನು ಇದೊಂದನ್ನು ಮೊದಲೇ ತಿಳಿದುಕೊಳ್ಳಲಿಲ್ಲ. ನೀವು ತಿಳಿದುಕೊಂಡಿರಿ.

ಹಾಗಾದರೆ ನನ್ನ ಮಾತೇನು? ನಿಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಕ್ಲಾಸಿಗೆ ಸಾಕಷ್ಟು ಟೀಚರಿದ್ದು, ಮನೆಯಲ್ಲಿ ಸಂಜೆ ಅರ್ಧ ಗಂಟೆ ಮಗುವಿನ ಪಕ್ಕ ಕೂರುವವರು ಒಬ್ಬರಿದ್ದರೆ, ಏಳನೇ ಕ್ಲಾಸಿನವರೆಗೆ ಫೀ ಕಟ್ಟುವುದು ನನಗೆ ದಂಡ ಅನ್ನಿಸುತ್ತೆ. ಆ ದುಡ್ಡನ್ನು ಉಳಿಸಿ. ತಿಂಗಳಿಗೆ 3,000ದಂತೆ ಹತ್ತು ವರ್ಷ ಕಟ್ಟಿ, ನೂರಕ್ಕೆ ಏಳು ಬಡ್ಡಿ ಸಿಕ್ಕಿದರೂ 5 ಲಕ್ಷ ದಾಟುತ್ತೆ. ಹೆಣ್ಣುಮಗುವಾದರೆ ಸುಕನ್ಯಾ ಸಮೃದ್ಧಿಯಲ್ಲಿ ಇನ್ನೂ ಜಾಸ್ತಿ ಬಡ್ಡಿ, ಹತ್ತನೇ ಕ್ಲಾಸು ಮುಗಿದ ಮೇಲೆ ಓದಿಗೆ ಅಂತ ಅರ್ಧ ತೆಗೆಯಬಹುದು. ದುಡ್ಡು ನಿಜವಾಗಿ ಬೇಕಾಗುವುದು ಪಿಯುಸಿ ಆದ ಮೇಲೆ. ಅಷ್ಟು ಹೊತ್ತಿಗೆ ಎಲ್‌ಕೆಜಿ ಟೈಗೂ ಬೆಲ್ಟಿಗೂ ಖರ್ಚು ಮಾಡಿ ಖಾಲಿ ಕೈಯಲ್ಲಿ ಕೂತಿರುವ ಅಪ್ಪಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಐದು ಕ್ಲಾಸಿಗೆ ಒಬ್ಬರೇ ಟೀಚರಿದ್ದು, ಮನೆಯಲ್ಲಿ ಹೇಳಿಕೊಡುವವರೂ ಇಲ್ಲ ಅಂದರೆ? ವ್ಯಾನ್ ಹತ್ತಿಸಿ. ಊರಿನ ಶಾಲೆ ಉಳಿಸಬೇಕು ಅಂತ ನಿಮ್ಮ ಮಗುವನ್ನು ಪಣಕ್ಕೆ ಇಡಿ ಅಂತ ನಾನು ಹೇಳಲ್ಲ.

ಸೇರಿಸುವ ಮುಂಚೆ ಒಂದು ಕೆಲಸ ಮಾಡಿ. ಎರಡೂ ಶಾಲೆಗೆ ಒಂದು ಮಂಗಳವಾರ ಹನ್ನೊಂದು ಗಂಟೆಗೆ, ಹೇಳದೆ ಹೋಗಿ. ಅಡ್ಮಿಷನ್ ದಿನ ಹೋಗಬೇಡಿ, ಅವತ್ತು ಎಲ್ಲರೂ ಇಸ್ತ್ರಿ ಹಾಕಿಕೊಂಡಿರುತ್ತಾರೆ. ನಾಲ್ಕನೇ ಕ್ಲಾಸಿನ ಒಂದು ಮಗುವಿನ ನೋಟ್‌ಬುಕ್ ಕೇಳಿ ನೋಡಿ. ಕೆಂಪು ಇಂಕಿನ ರೈಟ್ ಗುರುತು ಎಲ್ಲ ಪುಟದಲ್ಲೂ ಇರುತ್ತೆ. ತಪ್ಪನ್ನು ತಿದ್ದಿದ್ದಾರಾ ನೋಡಿ. ತಪ್ಪು ಉತ್ತರಕ್ಕೂ ರೈಟ್ ಹಾಕಿದ್ದರೆ ಆ ಶಾಲೆಯ ಬೋರ್ಡ್ ಯಾವ ಬಣ್ಣದ್ದಾದರೂ ಒಂದೇ.

ಕೊನೆಯದಾಗಿ ನನ್ನನ್ನು ಯಾವಾಗಲೂ ಕಾಡಿದ್ದು ಒಂದಿದೆ. ಕೌಂಟರಿನಲ್ಲಿ ಜನ ನನ್ನ ಜೊತೆ ಎಷ್ಟು ಜಗಳ ಆಡಿದ್ದಾರೆ ಗೊತ್ತಾ? "ಇಷ್ಟು ದುಡ್ಡು ಕಟ್ಟಿದೀವಿ, ಒಂದು ವಾರದಿಂದ ಹೋಮ್‌ವರ್ಕ್ ಯಾಕೆ ನೋಡಿಲ್ಲ ರೀ?" ಆ ಜಗಳದಿಂದ ಕೆಲಸ ಆಗುತ್ತಿತ್ತು. ಮರುದಿನ ಹೋಮ್‌ವರ್ಕ್ ನೋಡುತ್ತಿದ್ದರು. ಹೀಗೆ ಜಗಳ ಆಡಿದ ಒಬ್ಬರ ಚಿಕ್ಕ ಮಗಳು ನನ್ನ ಹೆಂಡತಿಯ ಶಾಲೆಯಲ್ಲೇ ಓದುತ್ತಿದ್ದಳು. ಮೂರು ವರ್ಷದಲ್ಲಿ ಅವರು ಆ ಗೇಟಿನೊಳಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಯಾಕಣ್ಣಾ ಅಂದೆ. "ಅಲ್ಲಿ ಏನ್ ಕೇಳೋದು ಸಾರ್, ಪುಕ್ಕಟೆ ಅಲ್ವಾ" ಅಂದರು. ಪುಕ್ಕಟೆ ಎಲ್ಲಿ ಬಂತು! ನೀವು ಕೊಳ್ಳುವ ಸೋಪು, ಪೆಟ್ರೋಲು ಎಲ್ಲದರಲ್ಲೂ ತೆರಿಗೆ ಕಟ್ಟಿದ್ದೀರಿ. ಕೇಳೋಕೆ ಅಂತಲೇ ಸರ್ಕಾರಿ ಶಾಲೆಗೆ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಅಪ್ಪ ಅಮ್ಮಂದಿರೇ ಇರಬೇಕು, ಅರ್ಧ ಹೆಂಗಸರು ಇರಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಖಾಸಗಿ ಶಾಲೆಯಲ್ಲಿ ಆರೂವರೆ ಲಕ್ಷ ಕೊಟ್ಟು ನೀವು ಕೊಳ್ಳುತ್ತಿರುವುದರಲ್ಲಿ ಅರ್ಧ, ಹೀಗೆ ಹೋಗಿ ಕೇಳುವ ಧೈರ್ಯ ಅಂತ ನನ್ನ ಲೆಕ್ಕ.

(ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದೆ. ಹಿಂದಿನ ಸಾಲಿನಲ್ಲಿ ಊರಿನ ಶಾಲೆಯ ಹೆಡ್ ಮಿಸ್ಸು ಕೂತಿದ್ದರು. ಅವರು ಎದ್ದು, "ಪ್ರಶ್ನೆ ಅಲ್ಲ ಸಾರ್, ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಎಸ್‌ಡಿಎಂಸಿ ಮೀಟಿಂಗ್ ಇದೆ, ಹೇಳಿಬಿಡ್ತೀನಿ ಅಷ್ಟೇ" ಅಂದರು. ಕಳೆದ ಸಲ ಎಷ್ಟು ಜನ ಬಂದಿದ್ದರು ಮೇಡಂ ಅಂತ ಕೇಳಿದೆ. "ನಾಲ್ಕು ಜನ" ಅಂದರು. ಸ್ವಲ್ಪ ತಡೆದು, "ಅದರಲ್ಲಿ ಇಬ್ಬರು ಅಡುಗೆಯವರು" ಅಂದರು.)